ಅಗಲವಾದ ರಸ್ತೆ, ಹಳೆಯ ರೂಢಿ: ಹಾಸನದ ಹೆದ್ದಾರಿಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75ರ ಏರುಗಳಲ್ಲಿ ದಿನವೂ ನಡೆಯುವ ಒಂದು ಸಂಗತಿಯನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಎಡಪಥದಲ್ಲಿ ಒಂದು ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಅದನ್ನು ಹಿಂದಿಕ್ಕಲು 62 ಕಿ.ಮೀ. ವೇಗದ ಇನ್ನೊಂದು ಲಾರಿ ಬಲಪಥಕ್ಕೆ ಬರುತ್ತದೆ. ಲಾರಿಗಳ ಉದ್ದ ತಲಾ 12 ಮೀಟರ್, ಹಿಂದಿಕ್ಕುವ ಮೊದಲು ಮತ್ತು ನಂತರ ಬೇಕಾಗುವ ಅಂತರ ತಲಾ 15 ಮೀಟರ್ ಎಂದು ಹಿಡಿದರೆ, ಬಲಗಡೆಯ ಲಾರಿ ಎಡಗಡೆಯದಕ್ಕಿಂತ 54 ಮೀಟರ್ ಹೆಚ್ಚು ದೂರ ಸಾಗಬೇಕು. ಗಂಟೆಗೆ ಎರಡೇ ಕಿಲೋಮೀಟರ್ ವ್ಯತ್ಯಾಸದಲ್ಲಿ ಇದಕ್ಕೆ ಸುಮಾರು 97 ಸೆಕೆಂಡು ಬೇಕು. ಅಷ್ಟರಲ್ಲಿ ಎರಡು ಲಾರಿಗಳೂ ಜೋಡೆತ್ತುಗಳ ಹಾಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಪಕ್ಕಪಕ್ಕದಲ್ಲೇ ಸಾಗಿರುತ್ತವೆ. ಹಿಂದೆ 90 ಕಿ.ಮೀ. ವೇಗದಲ್ಲಿ ಬರುತ್ತಿದ್ದ ಪ್ರತಿಯೊಂದು ಕಾರೂ ತಲಾ ಅರ್ಧ ನಿಮಿಷ ಕಳೆದುಕೊಂಡಿರುತ್ತದೆ, ಅದಕ್ಕಿಂತ ಹೆಚ್ಚಾಗಿ ಅದರೊಳಗಿನವರು ತಾಳ್ಮೆ ಕಳೆದುಕೊಂಡಿರುತ್ತಾರೆ.

ಇದೇ ಲೆಕ್ಕದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಎಡಪಥದ ಲಾರಿಯವನು ಆಕ್ಸಿಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಸಡಿಲಿಸಿ 55ಕ್ಕೆ ಇಳಿದರೆ, ಹಿಂದಿಕ್ಕುವ ಕೆಲಸ 28 ಸೆಕೆಂಡಿನಲ್ಲಿ, ಅರ್ಧ ಕಿಲೋಮೀಟರಿನೊಳಗೆ ಮುಗಿಯುತ್ತದೆ. ಹಾಗೆ ದಾರಿ ಬಿಟ್ಟದ್ದಕ್ಕೆ ಅವನಿಗಾಗುವ ನಷ್ಟ ಎರಡು ಮೂರು ಸೆಕೆಂಡು ಮಾತ್ರ. ಈ ಎರಡು ಮೂರು ಸೆಕೆಂಡನ್ನು ಬಿಟ್ಟುಕೊಡಲು ಅವನು ಯಾಕೆ ಒಪ್ಪುವುದಿಲ್ಲ, ಬಲಪಥದವನು 62ರ ವೇಗ ಇಟ್ಟುಕೊಂಡು ಹಿಂದಿಕ್ಕುವ ಸಾಹಸಕ್ಕೆ ಯಾಕೆ ಇಳಿದ, ಹಿಂದಿನ ಕಾರಿನವನು ಲಾರಿಯ ಬಂಪರಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಹಾರನ್ ಒತ್ತುವುದರಿಂದ ಏನು ಸಾಧಿಸುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ನಮ್ಮ ಹೆದ್ದಾರಿಯ ನಿತ್ಯದ ಕಿರಿಕಿರಿಯ ಬಹುಪಾಲು ಅರ್ಥವಾಗುತ್ತದೆ. ಚಾಲಕರ ಸ್ವಭಾವ ಕೆಟ್ಟದು ಎಂಬ ಒಂದೇ ವಿವರಣೆ ಇದಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಯಾಕೆಂದರೆ ಅದೇ ಚಾಲಕನ ಇನ್ನೊಂದು ಮುಖವನ್ನು ಸಕಲೇಶಪುರ, ಮೂಡಿಗೆರೆಗಳ ತೋಟದ ರಸ್ತೆಗಳಲ್ಲಿ ನೋಡಬಹುದು. ಒಂದೇ ಗಾಡಿ ಹಿಡಿಸುವ ಆ ರಸ್ತೆಗಳಲ್ಲಿ ಕೆಲಸದವರನ್ನು ತುಂಬಿಕೊಂಡ ಪಿಕಪ್ ಏರು ಹತ್ತಿ ಬರುತ್ತಿದ್ದರೆ, ಎದುರಿಗೆ ಇಳಿಯುತ್ತಿರುವ ಜೀಪಿನವನು ಯಾರೂ ಹೇಳದೆ ನಿಲ್ಲುತ್ತಾನೆ, ಬೇಕಾದರೆ ಐವತ್ತು ಮೀಟರ್ ಹಿಂದಕ್ಕೆ ಹೋಗಿ ಅಗಲವಿರುವ ಕಡೆ ಬದಿಗೆ ಸರಿಯುತ್ತಾನೆ, ದಾಟುವಾಗ ಇಬ್ಬರೂ ಕೈಯೆತ್ತುತ್ತಾರೆ. ಏರು ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು ಎಂಬುದು ಚಾಲನಾ ನಿಯಮಗಳಲ್ಲೂ ಇದೆ. ಆದರೆ ನಿಯಮ ಓದಿ ಹಾಗೆ ಮಾಡುವವರು ಕಡಿಮೆ. ಎದುರಿನ ಗಾಡಿ ಯಾರದು, ಅವರ ತೋಟ ಎಲ್ಲಿದೆ, ನಾಳೆ ಸಂತೆಯಲ್ಲೋ ಮದುವೆ ಮನೆಯಲ್ಲೋ ಅವರ ಮುಖ ನೋಡಬೇಕು ಎಂಬುದು ಗೊತ್ತಿರುವುದರಿಂದ ಅಲ್ಲಿ ಮರ್ಯಾದೆ ತಾನಾಗಿ ನಡೆಯುತ್ತದೆ. ಅದೇ ಜೀಪು ಹಾಸನ ದಾಟಿ ಚತುಷ್ಪಥಕ್ಕೆ ಬಂದ ಮೇಲೆ ಮುಂದಿನ ಗಾಡಿ ಒಂದು ನಂಬರ್ ಪ್ಲೇಟು ಮಾತ್ರ. ಒಮ್ಮೆ ದಾಟಿ ಹೋದರೆ ಆ ಮುಖವನ್ನು ಮತ್ತೆ ನೋಡುವ ಪ್ರಸಂಗವಿಲ್ಲ. ಸಂಕೋಚ ಕೆಲಸ ಮಾಡದ ಜಾಗದಲ್ಲಿ ನಿಯಮ ಕೆಲಸ ಮಾಡಬೇಕು. ನಮ್ಮ ಹೆದ್ದಾರಿಯಲ್ಲಿ ಸಂಕೋಚ ಹೋಗಿದೆ, ನಿಯಮ ಇನ್ನೂ ಬಂದಿಲ್ಲ.

ಈ ನಡುಗಾಲದ ಸ್ಥಿತಿಗೆ ಒಂದು ಇತಿಹಾಸವಿದೆ. ಇಂದಿನ ಹೆದ್ದಾರಿ 75ರ ಬೆಂಗಳೂರು–ಮಂಗಳೂರು ಭಾಗವನ್ನು ಹತ್ತು ಹದಿನೈದು ವರ್ಷಗಳ ಹಿಂದಿನವರೆಗೂ ಎಲ್ಲರೂ 48 ಎಂದೇ ಕರೆಯುತ್ತಿದ್ದರು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ ಅದು 75 ಆಯಿತು, ಮುಂದೆ ನೆಲಮಂಗಲದಿಂದ ಹಾಸನದವರೆಗೆ ಚತುಷ್ಪಥವೂ ಆಯಿತು. ಅದಕ್ಕೆ ಮೊದಲು ಹೋಗುವ ಬರುವ ಗಾಡಿಗಳಿಗೆಲ್ಲ ಒಂದೇ ರಸ್ತೆ ಇದ್ದಾಗ ಚಾಲಕರ ನಡುವೆ ಒಂದು ಸನ್ನೆಭಾಷೆ ಬೆಳೆದಿತ್ತು. ಹಿಂದಿನವನು ಹಾರನ್ ಮಾಡಿದರೆ ‘ನಾನು ದಾಟಬೇಕು’ ಎಂದು ಅರ್ಥ. ಲಾರಿಯವನು ಎಡ ಇಂಡಿಕೇಟರ್ ಹಾಕಿದರೆ ಅಥವಾ ಕ್ಲೀನರ್ ಕೈ ಬೀಸಿದರೆ ‘ಎದುರಿಗೆ ಯಾರೂ ಇಲ್ಲ, ಬಾ’ ಎಂದು, ಬಲ ಇಂಡಿಕೇಟರ್ ಹಾಕಿದರೆ ‘ಎದುರಿಗೆ ಗಾಡಿ ಇದೆ, ಬರಬೇಡ’ ಎಂದು ಅರ್ಥ. ಕಿರಿದಾದ ಸೇತುವೆಯ ಎರಡು ತುದಿಗಳಲ್ಲಿ ಎರಡು ಗಾಡಿ ಬಂದರೆ ಮೊದಲು ಲೈಟ್ ಮಿನುಗಿಸಿದವನು ಮೊದಲು ದಾಟುತ್ತಾನೆ. ಐವತ್ತು ಅರವತ್ತರ ವೇಗದಲ್ಲಿ ಈ ಭಾಷೆ ಸಾಕಷ್ಟು ಚೆನ್ನಾಗಿಯೇ ನಡೆಯುತ್ತಿತ್ತು, ಎಷ್ಟೋ ಜೀವಗಳನ್ನು ಉಳಿಸಿಯೂ ಇರಬೇಕು.

ಚತುಷ್ಪಥದಲ್ಲಿ ಇದೇ ಭಾಷೆ ಗೊಂದಲಕ್ಕೆ ಕಾರಣವಾಗಿದೆ. ಈಗ ಮುಂದಿನ ಲಾರಿಯ ಬಲ ಇಂಡಿಕೇಟರ್ ಹೊಳೆದರೆ ಅದಕ್ಕೆ ಮೂರು ಅರ್ಥಗಳಿರಬಹುದು: ಹಳೆಯ ರೂಢಿಯಂತೆ ‘ಹಿಂದಿಕ್ಕಬೇಡ’ ಎಂದು, ‘ನಾನು ಬಲಪಥಕ್ಕೆ ಬರುತ್ತಿದ್ದೇನೆ’ ಎಂದು, ಇಲ್ಲವೇ ‘ಮುಂದಿನ ಮೀಡಿಯನ್ (ರಸ್ತೆಯ ನಡುವಿನ ವಿಭಜಕ) ಸಂದಿಯಲ್ಲಿ ಬಲಕ್ಕೆ ತಿರುಗುತ್ತೇನೆ’ ಎಂದು. ನೂರರ ವೇಗದಲ್ಲಿ ಬರುವವನಿಗೆ ಈ ಮೂರರಲ್ಲಿ ಯಾವುದು ಎಂದು ಊಹಿಸಲು ಸಿಗುವುದು ಒಂದೆರಡು ಕ್ಷಣ. ಎಡ ಇಂಡಿಕೇಟರ್ ಕತೆಯೂ ಹೀಗೆಯೇ. ‘ಬಾ’ ಎಂದು ತಿಳಿದು ಎಡಬದಿಯಿಂದ ನುಗ್ಗಿದ ಬೈಕಿನವನಿಗೆ ಲಾರಿ ನಿಜವಾಗಿಯೂ ಎಡಕ್ಕೆ ಡಾಬಾದ ಕಡೆ ತಿರುಗುತ್ತಿತ್ತು ಎಂದು ಗೊತ್ತಾಗುವಾಗ ತಡವಾಗಿರುತ್ತದೆ.

ನಿಧಾನದ ಗಾಡಿ ಎಡಕ್ಕೆ, ಹಿಂದಿಕ್ಕಲು ಮಾತ್ರ ಬಲಕ್ಕೆ ಎಂಬುದು ಚತುಷ್ಪಥದ ಮೂಲ ನಿಯಮ. ಹಾಗಿದ್ದೂ ಭಾರದ ಲಾರಿಗಳು ಬಲಪಥವನ್ನೇ ಹಿಡಿದು ಸಾಗುತ್ತವೆ, ಬೇಸತ್ತ ಕಾರುಗಳು ಎಡದಿಂದ ನುಸುಳಿ ದಾಟುತ್ತವೆ. ಕಾರಿನಲ್ಲಿ ಕೂತವರಿಗೆ ಇದು ಲಾರಿಯವರ ದುರಹಂಕಾರವಾಗಿ ಕಾಣುತ್ತದೆ. ಆದರೆ ಎಡಪಥದಲ್ಲಿ ಒಂದು ಗಂಟೆ ಓಡಿಸಿ ನೋಡಿದರೆ ಲಾರಿಯವರ ಲೆಕ್ಕ ಬೇರೆಯೇ ಇದೆ ಎಂದು ಗೊತ್ತಾಗುತ್ತದೆ. ಕ್ರಾಸುಗಳಲ್ಲಿ, ಗೇಟುಗಳಲ್ಲಿ ಬಸ್ಸು ನಿಲ್ಲುವುದು ಎಡಪಥದಲ್ಲಿ. ಎಳನೀರು ಮಾರುವ ಗಾಡಿಯ ಮುಂದೆ ಕಾರುಗಳು ಅರ್ಧ ಟಾರಿನ ಮೇಲೆ ನಿಲ್ಲುವುದು ಎಡಪಥದಲ್ಲಿ. ಕಬ್ಬು ತುಂಬಿದ, ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ಕತ್ತಲಲ್ಲಿ ಸಾಗುವುದು ಎಡಪಥದಲ್ಲಿ. ಕೆಟ್ಟು ನಿಂತ ಲಾರಿಯ ಹಿಂದೆ ಎಚ್ಚರಿಕೆಗೆಂದು ಸೊಪ್ಪಿನ ಕೊಂಬೆ ನೆಟ್ಟು ಕಲ್ಲು ಜೋಡಿಸುವುದೂ ಅಲ್ಲಿಯೇ. ಲಾರಿ ರಿಪೇರಿಯಾಗಿ ಹೊರಟ ಮೇಲೆ ಕೊಂಬೆ ಒಣಗಿ ಹಾರಿ ಹೋಗುತ್ತದೆ, ಕಲ್ಲು ಮಾತ್ರ ರಸ್ತೆಯ ಮೇಲೆ ಉಳಿಯುತ್ತದೆ. ಇವೆಲ್ಲದರ ಜೊತೆಗೆ ಎದುರು ದಿಕ್ಕಿನಿಂದ ಬರುವ ಬೈಕುಗಳು ಬರುವುದೂ ಎಡಪಥದ ಅಂಚಿನಲ್ಲೇ. ಇಪ್ಪತ್ತು ಮೂವತ್ತು ಟನ್ ಭಾರ ಹೊತ್ತವನಿಗೆ ಪ್ರತಿ ಸಲ ಬ್ರೇಕ್ ಹಾಕಿ ಮತ್ತೆ ವೇಗ ಪಡೆಯುವುದು ಡೀಸೆಲ್ ಖರ್ಚಿನ ಮಾತೂ ಹೌದು, ಗೇರ್ ಬದಲಿಸಿ ಸುಸ್ತಾಗುವ ಮಾತೂ ಹೌದು. ಬಲಪಥದಲ್ಲಿ ಬೈಗುಳ ತಿನ್ನಬೇಕಾಗುತ್ತದೆ, ಆದರೆ ಯಾರ ಮೇಲೂ ಹತ್ತಿಸುವ ಭಯ ಕಡಿಮೆ. ಲಾರಿಯವರು ಮಾಡುವುದು ಸರಿ ಎಂದು ನಾನು ಹೇಳುತ್ತಿಲ್ಲ. ಎಡಪಥವನ್ನು ಓಡಿಸಲು ಯೋಗ್ಯವಾಗಿ ಇಡದೆ ‘ಎಡಪಥದಲ್ಲೇ ಹೋಗಿ’ ಎಂಬ ಫಲಕ ನೆಟ್ಟರೆ ಅದನ್ನು ಯಾರೂ ಪಾಲಿಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಎದುರು ದಿಕ್ಕಿನ ಓಡಾಟವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಹೆದ್ದಾರಿಯಲ್ಲಿ ಅತಿ ಹೆಚ್ಚು ಸಿಟ್ಟು ಬರಿಸುವ ಮತ್ತು ಅತಿ ಕಡಿಮೆ ಅರ್ಥ ಮಾಡಿಕೊಂಡಿರುವ ಸಂಗತಿ ಅದು. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ರೈತನ ಮನೆ ಹೆದ್ದಾರಿಯ ಒಂದು ಬದಿಯಲ್ಲಿದೆ, ಡೇರಿಯೂ ಅದೇ ಬದಿಯಲ್ಲಿ ಅರ್ಧ ಕಿಲೋಮೀಟರ್ ಹಿಂದೆ ಇದೆ. ನಿಯಮದಂತೆ ಹೋಗಬೇಕಾದರೆ ಅವನು ಮುಂದಿನ ಮೀಡಿಯನ್ ತೆರವಿನವರೆಗೆ ಹೋಗಿ, ಆಚೆ ಬದಿಗೆ ತಿರುಗಿ, ಡೇರಿಯನ್ನೂ ದಾಟಿ ಇನ್ನೊಂದು ತೆರವಿಗೆ ಹೋಗಿ ಮತ್ತೆ ತಿರುಗಿ ಬರಬೇಕು. ಸುತ್ತು ನಾಲ್ಕೈದು ಕಿಲೋಮೀಟರಿಗೆ ಕಡಿಮೆಯಾಗುವುದಿಲ್ಲ. ಬೆಳಿಗ್ಗೆ ಸಂಜೆ ಎರಡು ಸಲ, ವರ್ಷಪೂರ್ತಿ. ಸರ್ವಿಸ್ ರಸ್ತೆ ಇರುವ ಕಡೆ ಈ ಸಮಸ್ಯೆ ಇಲ್ಲ, ಆದರೆ ಅದು ಎಲ್ಲ ಕಡೆ ಇಲ್ಲ, ಇರುವಲ್ಲಿಯೂ ಊರು ಮುಗಿಯುತ್ತಿದ್ದಂತೆ ಹೆದ್ದಾರಿಗೇ ಸೇರಿಬಿಡುತ್ತದೆ. ಹೀಗಾಗಿ ಅವನು ಅಂಚು ಹಿಡಿದು ಎದುರು ದಿಕ್ಕಿನಲ್ಲಿ ಬರುತ್ತಾನೆ. ಅವನ ದೃಷ್ಟಿಯಲ್ಲಿ ಇದು ತಪ್ಪಲ್ಲ. ಅವನ ಅಪ್ಪ ಅದೇ ಜಾಗದಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ, ರಸ್ತೆ ಅವನ ಹೊಲದ ಪಕ್ಕಕ್ಕೆ ಆಮೇಲೆ ಬಂದದ್ದು.

ಆದರೆ ಇದರ ಇನ್ನೊಂದು ಬದಿಯ ಲೆಕ್ಕ ನಿಷ್ಠುರವಾದದ್ದು. ನೂರರ ವೇಗದ ಕಾರು, ನಲವತ್ತರ ವೇಗದ ಬೈಕು ಎದುರಾದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 39 ಮೀಟರಿನಂತೆ ಕರಗುತ್ತದೆ. ಮಂಜಿನ ಬೆಳಗಿನಲ್ಲಿ ನೂರು ಮೀಟರ್ ದೂರದಲ್ಲಿ ಬೈಕು ಕಂಡರೆ ಉಳಿದಿರುವುದು ಎರಡೂವರೆ ಸೆಕೆಂಡು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಎದುರು ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಸಿಯೇ ಹೇಳುತ್ತದೆ. ಕಾನೂನುಬಾಹಿರವಾಗಿ ಹಿಂದಿಕ್ಕುವುದು, ಚಾಲನೆಯಲ್ಲಿ ಮೊಬೈಲ್ ಕೈಯಲ್ಲಿ ಹಿಡಿದಿರುವುದು ಕೂಡ ಅದೇ ಪಟ್ಟಿಯಲ್ಲಿವೆ. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಹಾಲಿನ ಕ್ಯಾನಿನ ರೈತನಿಗೆ ಈ ಶಿಕ್ಷೆ ಹೆಚ್ಚಾಯಿತು ಎಂದು ಅನಿಸಬಹುದು. ಅದೇ ದಾರಿಯಲ್ಲಿ, ಡಾಬಾದಿಂದ ಹೊರಟು ಒಂದು ಕಿಲೋಮೀಟರ್ ಉಳಿಸಲು ಎದುರು ದಿಕ್ಕಿಗೆ ನುಗ್ಗುವ ದೊಡ್ಡ ಕಾರಿನವನಿಗೆ ಮಾತ್ರ ಕಡಿಮೆಯಾಯಿತು ಎಂದು ಅನಿಸುತ್ತದೆ. ಕಾನೂನಿಗೆ ಇಬ್ಬರೂ ಒಂದೇ, ನನಗೆ ಅಲ್ಲ.

ಇಲ್ಲಿಯೇ ಒಂದು ಸ್ಪಷ್ಟನೆ ಬೇಕು. ಹೆದ್ದಾರಿ 75 ಬೆಂಗಳೂರಿನಿಂದ ಬರುವವರು ಅಂದುಕೊಳ್ಳುವಂತಹ ಎಕ್ಸ್‌ಪ್ರೆಸ್‌ವೇ ಅಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧಿಸಲಾಯಿತು. ಹಾಸನದ ಹೆದ್ದಾರಿಗೆ ಅಂತಹ ನಿರ್ಬಂಧವಿಲ್ಲ. ಆಲೂಗಡ್ಡೆ ಮೂಟೆ ಹೇರಿದ ಟ್ರ್ಯಾಕ್ಟರಿಗೆ ಅಲ್ಲಿ ಓಡಾಡಲು ಕಾರಿಗಿರುವಷ್ಟೇ ಹಕ್ಕಿದೆ. ವೇಗದ ಮಿತಿಯೂ ಒಂದೇ ತೆರನಾಗಿಲ್ಲ. 2018ರ ಏಪ್ರಿಲಿನ ಕೇಂದ್ರದ ಅಧಿಸೂಚನೆಯಂತೆ ಮೀಡಿಯನ್ ಇರುವ ಚತುಷ್ಪಥದಲ್ಲಿ ಕಾರಿಗೆ ಗರಿಷ್ಠ 100, ಬಸ್ಸಿಗೆ 90, ಸರಕು ವಾಹನಕ್ಕೆ 80 ಕಿ.ಮೀ.; ಮೀಡಿಯನ್ ಇಲ್ಲದ ಇತರ ರಸ್ತೆಗಳಲ್ಲಿ ಕಾರಿಗೆ 70, ಬಸ್ಸಿಗೂ ಸರಕು ವಾಹನಕ್ಕೂ 60. ಇವು ಗರಿಷ್ಠ ಮಿತಿಗಳು, ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಾಡಬಹುದು. ನೂರರ ಮಿತಿಯ ರಸ್ತೆಯಲ್ಲಿ 130ರಲ್ಲಿ ಬಂದು, 80ರ ಮಿತಿಯ ಲಾರಿಗೆ ಲೈಟ್ ಮಿನುಗಿಸಿ, ‘ಇವರಿಗೆ ಹೆದ್ದಾರಿಯಲ್ಲಿ ಓಡಿಸಲು ಬರುವುದಿಲ್ಲ’ ಎಂದು ಗೊಣಗುವವನು ಯಾವ ಹಕ್ಕಿನಿಂದ ಗೊಣಗುತ್ತಾನೆ ಎಂದು ಕೇಳಬೇಕಾಗುತ್ತದೆ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ಮೀರಿ ಓಡಿಸುವವರ ವಿರುದ್ಧ ಎಫ್‌ಐಆರ್ ದಾಖಲಿಸುವ ಕ್ರಮವನ್ನು ಪೊಲೀಸರು ಆರಂಭಿಸಿದ್ದು ಇಂಥವರಿಗಾಗಿಯೇ.

ಇನ್ನು ಹಿಂದೆಯೇ ಅಂಟಿಕೊಂಡು ಬರುವವರು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಹೊರಟ, ಭಾನುವಾರ ಸಂಜೆ ಅದೇ ದಾರಿಯಲ್ಲಿ ಮರಳುವ ವಾಹನಗಳ ಸಾಲಿನಲ್ಲಿ ಇದು ಹೆಚ್ಚು. ಗಂಟೆಗೆ ನೂರು ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದಿನ ಕಾರಿನ ಬ್ರೇಕ್ ದೀಪ ಹೊತ್ತಿದ್ದನ್ನು ಕಂಡು, ಮನಸ್ಸು ಅದನ್ನು ಗ್ರಹಿಸಿ, ಕಾಲು ಬ್ರೇಕ್ ತಲುಪಲು ಒಂದೂವರೆ ಸೆಕೆಂಡು ಬೇಕೆಂದುಕೊಂಡರೆ ಅಷ್ಟರಲ್ಲಿ 42 ಮೀಟರ್ ಸಾಗಿಯಾಗಿರುತ್ತದೆ. ಎರಡೂ ಕಾರುಗಳ ಬ್ರೇಕ್ ಸಮಾನವಾಗಿ ಚೆನ್ನಾಗಿದ್ದರೂ, ಮುಂದಿನವನು ಪೂರ್ತಿ ಬ್ರೇಕ್ ಒತ್ತಿದರೆ ಹಿಂದಿನವನಿಗೆ ಕನಿಷ್ಠ ಅಷ್ಟು ಅಂತರ ಬೇಕೇ ಬೇಕು. ಹತ್ತು ಮೀಟರ್ ಅಂತರದಲ್ಲಿ ಬರುವವನಿಗೆ ತನ್ನ ಬ್ರೇಕಿನ ಮೇಲೆ ಎಷ್ಟೇ ನಂಬಿಕೆ ಇದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಪ್ರಶ್ನೆ ಬ್ರೇಕಿನದಲ್ಲ, ಬ್ರೇಕ್ ಒತ್ತುವ ಮೊದಲಿನ ಸಮಯದ್ದು. ದೇಶದಲ್ಲಿ ನಡೆಯುವ ರಸ್ತೆ ಅಪಘಾತಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು ಹಿಂದಿನಿಂದ ಬಂದು ಡಿಕ್ಕಿ ಹೊಡೆದವು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ತಿಳಿಸುತ್ತದೆ.

ಹೀಗೆ ಒತ್ತಿ ಬರುವುದರಿಂದ ಸಿಗುವ ಲಾಭವನ್ನೂ ನೋಡಬೇಕಲ್ಲ. 150 ಕಿ.ಮೀ. ದಾರಿಯನ್ನು ನೂರರ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಹೋದರೆ 90 ನಿಮಿಷ, 120ರಲ್ಲಿ ಹೋದರೆ 75 ನಿಮಿಷ. ಕಾಗದದ ಮೇಲಿನ ಈ ಹದಿನೈದು ನಿಮಿಷ ರಸ್ತೆಯ ಮೇಲೆ ಎಂದೂ ಪೂರ್ತಿ ಸಿಗುವುದಿಲ್ಲ. ಮುಂದೆ ಲಾರಿ ಇದೆ, ಟೋಲ್ ಇದೆ, ಭಾನುವಾರ ಸಂಜೆಯಾದರೆ ನೆಲಮಂಗಲದ ಬಳಿ ದಟ್ಟಣೆ ಕಾದಿದೆ. ಹಿರೀಸಾವೆಯ ಬಳಿ ಎಡದಿಂದ ನುಗ್ಗಿ, ನನ್ನ ಕನ್ನಡಿ ಸವರಿಕೊಂಡು ದಾಟಿ ಹೋದ ಕಾರನ್ನು ಮುಂದಿನ ಟೋಲಿನಲ್ಲಿ ಪಕ್ಕದ ಸಾಲಿನಲ್ಲೇ, ನನಗಿಂತ ಎರಡು ಗಾಡಿ ಹಿಂದೆ ಕಂಡಿದ್ದೇನೆ. ಅದರ ಫಾಸ್ಟ್ಯಾಗ್‌ನಲ್ಲಿ ಹಣ ಇರಲಿಲ್ಲವೋ ಏನೋ. ಇಂತಹ ಸಣ್ಣ ಸಂತೋಷಗಳನ್ನು ಅನುಭವಿಸುವುದು ದೊಡ್ಡತನವಲ್ಲ ಎಂದು ಗೊತ್ತು, ಆದರೂ ಅನುಭವಿಸಿದೆ. ಟೋಲಿನಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೇನೆ: ಕಿಟಕಿ ಇಳಿದು ಮುಖ ಕಂಡ ಮೇಲೆ ಅದೇ ಚಾಲಕ ಕಣ್ಣು ತಪ್ಪಿಸುತ್ತಾನೆ.

ರಾತ್ರಿಯ ಮಾತು ಬೇರೆ. ಎದುರಿನವನಿಗೆ ಡಿಮ್ ಮಾಡುವ ಶಿಷ್ಟಾಚಾರ ಎರಡು ಪಥದ ರಸ್ತೆಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅಲ್ಲಿ ಡಿಮ್ ಮಾಡದಿದ್ದರೆ ಎದುರಿನವನೂ ಮಾಡುವುದಿಲ್ಲ ಎಂಬ ಭಯವಾದರೂ ಇದೆ. ಚತುಷ್ಪಥದಲ್ಲಿ ‘ನಡುವೆ ಮೀಡಿಯನ್ ಇದೆಯಲ್ಲ’ ಎಂಬ ಧೈರ್ಯದಿಂದ ಹೈಬೀಮ್ ಹಾಕಿಯೇ ಓಡಿಸುತ್ತಾರೆ. ಮೀಡಿಯನ್ನಿನಲ್ಲಿ ಕಣಗಿಲೆಯಂತಹ ಗಿಡಗಳನ್ನು ಸಾಲಾಗಿ ಬೆಳೆಸುವುದಕ್ಕೆ ಚೆಂದದ ಜೊತೆಗೆ ಎದುರಿನ ಬೆಳಕನ್ನು ತಡೆಯುವ ಉದ್ದೇಶವೂ ಇದೆ. ಗಿಡ ಒಣಗಿದ ಕಡೆ, ರಸ್ತೆ ಏರಿಳಿದು ತಿರುಗುವ ಕಡೆ ಬೆಳಕು ನೇರವಾಗಿ ಕಣ್ಣಿಗೆ ಬೀಳುತ್ತದೆ. ಬೆಳಕಿಗೆ ಕುರುಡಾದ ಕಣ್ಣು ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ಮೂರು ಸೆಕೆಂಡು ಎಂದರೂ 80ರ ವೇಗದಲ್ಲಿ 67 ಮೀಟರ್ ದೂರ ಅಂದಾಜಿನ ಮೇಲೆ ಓಡಿಸಿದಂತಾಯಿತು, ಅದೇ 67 ಮೀಟರಿನಲ್ಲಿ ದೀಪವಿಲ್ಲದ ಟ್ರೈಲರ್ ಇರಬಹುದು. ಹೊರಗಿನಿಂದ ತಂದು ಜೋಡಿಸಿದ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಾರ್ಯಾಚರಣೆ ಆರಂಭಿಸಿದಾಗ ಕೆಲವು ದಿನ ವ್ಯತ್ಯಾಸ ಕಂಡಿತ್ತು.

ಹಾಸನ ದಾಟಿ ಪಶ್ಚಿಮಕ್ಕೆ ಹೋದಂತೆ ದೂರುಗಳ ಸ್ವರೂಪ ಬದಲಾಗುತ್ತದೆ. ಸಕಲೇಶಪುರದ ಕಡೆಯ ಅಗಲೀಕರಣ ವರ್ಷಗಟ್ಟಲೆ ನಡೆಯುತ್ತಲೇ ಬಂದಿದೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಮುಂದೆ ಹೆಗ್ಗದ್ದೆಯಿಂದ ಗುಂಡ್ಯದವರೆಗಿನ ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ಮೀಡಿಯನ್ ಇಲ್ಲ. ಚತುಷ್ಪಥದಲ್ಲಿ ಎರಡು ಗಂಟೆ ನೂರರ ವೇಗದಲ್ಲಿ ಬಂದ ಚಾಲಕನಿಗೆ 60 ಎಂಬುದು ತೆವಳಿದಂತೆ ಅನಿಸುತ್ತದೆ. ವೇಗಕ್ಕೆ ಒಗ್ಗಿದ ಕಣ್ಣು ಅಷ್ಟು ಬೇಗ ಇಳಿಯುವುದಿಲ್ಲ. ಅಲ್ಲಿ ಹಿಂದಿಕ್ಕುವ ಲೆಕ್ಕ ಹೀಗಿದೆ: 60ರಲ್ಲಿ ಹೋಗುವ ಲಾರಿಯನ್ನು 80ರ ವೇಗದಲ್ಲಿ ದಾಟಲು ಸುಮಾರು 10 ಸೆಕೆಂಡು ಬೇಕು, ಅಷ್ಟರಲ್ಲಿ ನೀವು 220 ಮೀಟರ್ ಸಾಗುತ್ತೀರಿ, ಎದುರಿನಿಂದ 60ರಲ್ಲಿ ಬರುವ ಗಾಡಿ 165 ಮೀಟರ್ ಹತ್ತಿರವಾಗುತ್ತದೆ. ಅಂದರೆ ಹೊರಡುವ ಮೊದಲು 400 ಮೀಟರ್‌ನಷ್ಟು ರಸ್ತೆ ಖಾಲಿ ಕಾಣಬೇಕು. ಘಾಟಿಯಲ್ಲಿ ಅಷ್ಟು ನೇರವಾದ ತುಂಡುಗಳು ಬೆರಳೆಣಿಕೆಯಷ್ಟು. ತಿರುವಿನಲ್ಲಿ ಹಿಂದಿಕ್ಕುವವನು ತನ್ನ ಕೌಶಲವನ್ನು ನಂಬಿ ಹೊರಡುವುದಿಲ್ಲ, ಎದುರಿನವನು ಬ್ರೇಕ್ ಹಾಕುತ್ತಾನೆ ಎಂದು ನಂಬಿ ಹೊರಡುತ್ತಾನೆ. ಎದುರಿನಿಂದ ಬರುವುದು ಮಂಗಳೂರಿನ ಗ್ಯಾಸ್ ಟ್ಯಾಂಕರ್ ಆಗಿರಬಹುದು ಎಂಬುದು ಅವನ ಲೆಕ್ಕದಲ್ಲಿ ಇರುವುದಿಲ್ಲ.

ಮಳೆಗಾಲದ ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವುದು ಇತ್ತೀಚಿನ ಇನ್ನೊಂದು ರೂಢಿ. ಹಜಾರ್ಡ್ ದೀಪ ಇರುವುದು ನಿಂತ ಗಾಡಿಯನ್ನು ತೋರಿಸಲು. ಓಡುವ ಗಾಡಿ ಅದನ್ನು ಹಾಕಿಕೊಂಡರೆ ಹಿಂದಿನವನಿಗೆ ಅದು ನಿಂತಿದೆಯೋ ಚಲಿಸುತ್ತಿದೆಯೋ ಗೊತ್ತಾಗುವುದಿಲ್ಲ, ತಿರುಗುವಾಗ ಇಂಡಿಕೇಟರ್ ಹಾಕಿದರೂ ಕಾಣುವುದಿಲ್ಲ. ಹೈಬೀಮ್ ಮಂಜಿಗೆ ಬಡಿದು ತನ್ನ ಕಣ್ಣಿಗೇ ಹಿಂದಿರುಗುತ್ತದೆ. ಡಿಮ್ ಮಾಡಿದ ಹೆಡ್‌ಲೈಟ್ ಮತ್ತು ನಿಧಾನದ ವೇಗ ಸಾಕು. ಇಲ್ಲಿ ದುರುದ್ದೇಶ ಯಾರಿಗೂ ಇಲ್ಲ, ತಿಳಿವಳಿಕೆ ಇಲ್ಲ ಅಷ್ಟೆ.

ಆಂಬುಲೆನ್ಸಿನ ವಿಷಯದಲ್ಲಿ ಹಾಗೆ ಹೇಳಲಾರೆ. ಹಾಸನದಿಂದ ಮಂಗಳೂರಿಗೋ ಬೆಂಗಳೂರಿಗೋ ರೋಗಿಯನ್ನು ಸಾಗಿಸುವ ಆಂಬುಲೆನ್ಸಿಗೆ ಬಹುತೇಕ ಜನ ಬದಿಗೆ ಸರಿದು ದಾರಿ ಬಿಡುತ್ತಾರೆ, ಇದನ್ನು ಮೆಚ್ಚಲೇಬೇಕು. ಆದರೆ ಹಾಗೆ ತೆರೆದ ದಾರಿಯಲ್ಲಿ ಆಂಬುಲೆನ್ಸಿನ ಹಿಂದೆಯೇ ಬಾಲದಂತೆ ನುಗ್ಗುವ ಎರಡು ಮೂರು ಕಾರುಗಳು ಪ್ರತಿ ಸಲ ಇದ್ದೇ ಇರುತ್ತವೆ. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಕಾಯ್ದೆಯ 194ಇ ಕಲಂನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇವೆ. ಬೇರೊಬ್ಬರ ಸಂಕಟದ ಬೆನ್ನು ಹಿಡಿದು ಊರು ಬೇಗ ಸೇರುವವರನ್ನು ಈ ಕಲಂ ಮುಟ್ಟುವುದಿಲ್ಲ.

ಈ ನಡವಳಿಕೆಗಳು ಅಂಕಿಅಂಶಗಳಲ್ಲಿ ಹೇಗೆ ಕಾಣುತ್ತವೆ ಎಂಬುದು ಕುತೂಹಲದ ಪ್ರಶ್ನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲಿ 11,702 ಮಂದಿ. ಒಟ್ಟು ರಸ್ತೆಗಳ ಉದ್ದದಲ್ಲಿ ಶೇ 2ರ ಆಸುಪಾಸಿನಲ್ಲಿರುವ ರಾಷ್ಟ್ರೀಯ ಹೆದ್ದಾರಿಗಳು ಆ ಸಾವುಗಳಲ್ಲಿ ಶೇ 36ರಷ್ಟಕ್ಕೆ ಜಾಗವಾದವು. ಸಾವುಗಳಲ್ಲಿ ಶೇ 71ಕ್ಕೆ ಅತಿವೇಗವೇ ಕಾರಣ ಎಂದು, ಶೇ 5ರಷ್ಟಕ್ಕೆ ಎದುರು ದಿಕ್ಕಿನ ಚಾಲನೆ ಮತ್ತು ಪಥಶಿಸ್ತಿನ ಉಲ್ಲಂಘನೆ ಕಾರಣ ಎಂದು ಸಚಿವಾಲಯದ ಅದೇ ವರದಿ ಹೇಳುತ್ತದೆ. ಈ ವಿಂಗಡಣೆಯನ್ನು ನಾನು ಸ್ವಲ್ಪ ಎಚ್ಚರದಿಂದ ಓದುತ್ತೇನೆ. ಠಾಣೆಯ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬುದು ಬಹುತೇಕ ಅಚ್ಚು ಹಾಕಿದ ಮಾತು. ಹತ್ತು ಮೀಟರ್ ಅಂತರದಲ್ಲಿ ಬಂದದ್ದು, ಡಿಮ್ ಮಾಡದೆ ಕಣ್ಣು ಕುಕ್ಕಿದ್ದು, ಇಂಡಿಕೇಟರ್ ಹಾಕದೆ ಪಥ ಬದಲಿಸಿದ್ದು ಎಲ್ಲವೂ ಆ ಎರಡು ಪದಗಳೊಳಗೆ ಕರಗುತ್ತವೆ. ಯಾವುದನ್ನು ಬರೆದಿಡುವುದಿಲ್ಲವೋ ಅದನ್ನು ತಡೆಯುವ ಯೋಜನೆಯೂ ಹುಟ್ಟುವುದಿಲ್ಲ.

ಜಾರಿಯ ಕತೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಕ್ಯಾಮೆರಾ ವೇಗವನ್ನು ಅಳೆಯುತ್ತದೆ, ಸೀಟ್‌ಬೆಲ್ಟ್ ಮತ್ತು ಹೆಲ್ಮೆಟ್ ಇಲ್ಲದ್ದನ್ನು ಹಿಡಿಯುತ್ತದೆ. ಐದು ಕಿಲೋಮೀಟರ್ ಉದ್ದಕ್ಕೂ ಬಲಪಥ ಬಿಡದ ವಾಹನವನ್ನು ಕಂಬದ ಮೇಲಿನ ಒಂದು ಕ್ಯಾಮೆರಾ ಹಿಡಿಯಲಾರದು. ಅದಕ್ಕೆ ರಸ್ತೆಯ ಮೇಲೆ ಓಡಾಡುವ ಗಸ್ತು ವಾಹನ ಬೇಕು, ಅದರಲ್ಲಿ ಪಥಶಿಸ್ತಿನ ಪ್ರಕರಣ ಬರೆಯುವ ಆಸಕ್ತಿ ಇರುವ ಸಿಬ್ಬಂದಿ ಬೇಕು. ಬರೆದ ದಂಡವೂ ಬೇಗ ಕಟ್ಟುವಂತಿರಬೇಕು. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ಸಂಚಾರ ದಂಡಗಳಿಗೆ ಸರ್ಕಾರ ಶೇ 50ರಷ್ಟು ರಿಯಾಯಿತಿ ಕೊಟ್ಟಿತು. ಬಾಕಿ ವಸೂಲಿಗೆ ಇದು ಸುಲಭದ ದಾರಿ ಎಂಬುದನ್ನು ಒಪ್ಪೋಣ. ಕಾಯ್ದರೆ ಅರ್ಧಕ್ಕೆ ಮುಗಿಯುತ್ತದೆ ಎಂದು ತಪ್ಪು ಮಾಡಿದವನಿಗೆ ಕಲಿಸುವ ದಾರಿಯೂ ಹೌದು, ತಕ್ಷಣ ಪೂರ್ತಿ ಕಟ್ಟಿದವನನ್ನು ಪೆದ್ದನನ್ನಾಗಿ ಮಾಡುವ ದಾರಿಯೂ ಹೌದು.

ಲೈಸೆನ್ಸಿನ ಪರೀಕ್ಷೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು, ಯಾಕೆಂದರೆ ಆ ಪರೀಕ್ಷೆಯೂ ಅಷ್ಟರಲ್ಲೇ ಮುಗಿಯುತ್ತದೆ. ಮೈದಾನದಲ್ಲಿ ಎಂಟು ಬರೆದು, ರಿವರ್ಸ್ ತೆಗೆದು ತೋರಿಸಿದವರಿಗೆ ನೂರರ ವೇಗದ ರಸ್ತೆಗೆ ಹೇಗೆ ಸೇರಿಕೊಳ್ಳಬೇಕು, ಕನ್ನಡಿ ಯಾವಾಗ ನೋಡಬೇಕು, ದಾಟಿದ ಮೇಲೆ ಎಡಕ್ಕೆ ಯಾವಾಗ ಮರಳಬೇಕು ಎಂದು ಯಾರೂ ಕೇಳಿರುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಇವಕ್ಕೆಲ್ಲ ಉತ್ತರವಿದೆ: ಮುಖ್ಯ ರಸ್ತೆಯಲ್ಲಿ ಬರುವವರಿಗೆ ಬದಿಯಿಂದ ಸೇರುವವರು ದಾರಿ ಬಿಡಬೇಕು, ತನ್ನನ್ನು ಯಾರಾದರೂ ಹಿಂದಿಕ್ಕುತ್ತಿರುವಾಗ ವೇಗ ಹೆಚ್ಚಿಸಬಾರದು. ಎರಡನೆಯದನ್ನು ಓದಿದ ದಿನ, ಹಿಂದಿಕ್ಕಲು ಹೊರಟಾಗಲೆಲ್ಲ ಛಲದಿಂದ ವೇಗ ಏರಿಸಿದ ಎಷ್ಟು ಬಸ್ಸು ಕಾರುಗಳು ನೆನಪಾದವೋ, ಅದರ ಜೊತೆಗೆ ನಾನು ಹಾಗೆ ಮಾಡಿದ ಒಂದೆರಡು ಸಂದರ್ಭಗಳೂ ನೆನಪಾದವು.

ಮಾಡಬಹುದಾದ ಕೆಲಸಗಳು ಅಸಾಧ್ಯವಾದವುಗಳೇನಲ್ಲ. ಡೇರಿ, ಶಾಲೆ ಇರುವ ಊರುಗಳ ನಡುವೆ ಸರ್ವಿಸ್ ರಸ್ತೆಯನ್ನು ತುಂಡಾಗದಂತೆ ಜೋಡಿಸುವುದು ಎಲ್ಲಕ್ಕಿಂತ ಮೊದಲಿನದು, ಅದೇ ಎಲ್ಲಕ್ಕಿಂತ ದುಬಾರಿಯಾದದ್ದೂ ಹೌದು. ಅದಕ್ಕಿಂತ ಅಗ್ಗದ ದಾರಿಯೂ ಇದೆ: ಕಾಯ್ದೆಯ 115ನೇ ಕಲಂ ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ವಾಹನಗಳ ಓಡಾಟವನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ, ಮಳೆಗಾಲದಲ್ಲಿ ಘಾಟಿಗಳಲ್ಲಿ ಭಾರಿ ವಾಹನ ನಿಷೇಧಿಸಿದಾಗ ನಾವೆಲ್ಲ ಅದರ ಬಳಕೆ ನೋಡಿದ್ದೇವೆ. ಉದ್ದದ ಏರುಗಳಲ್ಲಿ, ವಾರಾಂತ್ಯದ ಸಂಜೆಗಳಲ್ಲಿ ಲಾರಿ ಲಾರಿಯನ್ನು ಹಿಂದಿಕ್ಕದಂತೆ ಅದೇ ಬಗೆಯಲ್ಲಿ ಪ್ರಯೋಗ ಮಾಡಿ ನೋಡಬಹುದು. ಆದರೆ ಎಡಪಥದಲ್ಲಿ ನಿಲ್ಲುವ ವಾಹನಗಳನ್ನು ತೆರವು ಮಾಡದೆ ಆ ಪ್ರಯೋಗ ಮೂರು ದಿನವೂ ನಡೆಯುವುದಿಲ್ಲ.

ಕಳೆದ ತಿಂಗಳು ಶಾಂತಿಗ್ರಾಮದ ಈಚೆಗೆ ಭಾರಿ ವಾಹನಗಳು ಎಡಪಥದಲ್ಲಿ ಚಲಿಸಬೇಕು ಎಂಬ ನೀಲಿ ಫಲಕ ಕಂಡಿತು. ಅದರ ಕೆಳಗೆ, ಎಡಪಥದಲ್ಲಿ, ಹಿಂದೆ ಸೊಪ್ಪಿನ ಕೊಂಬೆ ಸಿಕ್ಕಿಸಿಕೊಂಡ ಒಂದು ಲಾರಿ ನಿಂತಿತ್ತು. ಎಡಪಥದಲ್ಲೇ ಬರುತ್ತಿದ್ದ ಇನ್ನೊಂದು ಲಾರಿ ಅದನ್ನು ತಪ್ಪಿಸಲು ಇಂಡಿಕೇಟರ್ ಹಾಕಿ ಬಲಕ್ಕೆ ಬಂತು. ಅದರ ಹಿಂದೆ ಬಲಪಥದಲ್ಲಿ ಬರುತ್ತಿದ್ದ ನಾನು, ಇಷ್ಟನ್ನೆಲ್ಲ ಲೆಕ್ಕ ಹಾಕಿ ಬರೆಯಲು ಹೊರಟಿದ್ದ ನಾನು, ಎರಡು ಸಲ ಲೈಟ್ ಮಿನುಗಿಸಿದೆ.